ಗುಡಿಯ ಅಂಗಳದ ಬೋರಿಂಗು

ನಮ್ಮೂರಿಗೆ ಬೋರಿಂಗು ಬಂದದ್ದು ಎಪ್ಪತ್ತರ ದಶಕದ ಒಂದು ಕೆಟ್ಟ ಬರದಲ್ಲಿ. ಹುನಗುಂದದಿಂದ ಇಳಕಲ್ಲಿಗೆ ಹೋಗುವ ರಸ್ತೆ ಬಿಟ್ಟು ಒಳಗೆ ನಡೆದರೆ ಸಿಗುವ ಸಣ್ಣ ಊರು ಅದು. ಮುಂಗಾರು ಕೈಕೊಟ್ಟಿತ್ತು, ಹಿಂಗಾರು ಮುಖ ತೋರಿಸಿದ ಹಾಗೆ ಮಾಡಿ ಹೋಗಿಬಿಟ್ಟಿತ್ತು. ಊರ ಬಾವಿಯ ತಳದಲ್ಲಿ ಹಸಿರುಗಟ್ಟಿದ ಒಂದಿಷ್ಟು ನೀರು, ಅದರಲ್ಲಿ ಕಪ್ಪೆಗಳ ಸಂಸಾರ. ಆಗ ಸರ್ಕಾರದವರು ಲಾರಿಯ ಮೇಲೆ ಯಂತ್ರ ಹೇರಿಕೊಂಡು ಬಂದರು. ಕೊಳವೆ ಇಳಿಸಿ, ಮೇಲೆ ಕೈಯಿಂದ ಒತ್ತುವ ಪಂಪು ಕೂರಿಸುತ್ತೇವೆ, ಜಾಗ ತೋರಿಸಿ ಅಂದರು. ಆ ಪಂಪಿಗೇ ನಮ್ಮ ಕಡೆ ಬೋರಿಂಗು ಎನ್ನುತ್ತಾರೆ.

ಜಾಗ ತೋರಿಸಲು ಗಂಡಸರು ಚಾವಡಿಯಲ್ಲಿ ಕೂತರು. ಹೆಂಗಸರನ್ನು ಕರೆಯುವ ಮಾತೇ ಇರಲಿಲ್ಲ. ಹುಟ್ಟಿದಾರಭ್ಯ ಒಂದು ಕೊಡ ಹೊತ್ತು ಗೊತ್ತಿಲ್ಲದವರೆಲ್ಲ ಸೇರಿ ನೀರು ಎಲ್ಲಿರಬೇಕೆಂದು ವಾದ ಮಾಡಿದರು. ನಮ್ಮ ಓಣಿಗೆ ಬೇಕು, ನಿಮ್ಮ ಓಣಿಗೆ ಯಾಕೆ ಎಂದು ಕೊರಳಪಟ್ಟಿ ಹಿಡಿಯುವವರೆಗೆ ಹೋಯಿತಂತೆ. ಆಗ ನಮ್ಮಪ್ಪ ಎದ್ದು, "ಬೀರಪ್ಪನ ಗುಡಿ ಅಂಗಳದಾಗ ಹೊಡಸ್ರಿ. ದೇವರ ಮುಂದ ಯಾರೂ ಜಗಳಾ ತಗಿಯೂದಿಲ್ಲ" ಅಂದ. ಎಲ್ಲರೂ ಹೌದು ಹೌದು ಅಂದರು. ಅಪ್ಪ ಅಂದು ಮನೆಗೆ ಬಂದಾಗ ಎದೆ ಉಬ್ಬಿಸಿಕೊಂಡೇ ಬಂದ.

ಅವ್ವ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸದೆ ಕೇಳಿದಳು.

"ಗುಡಿ ಅಂಗಳದಾಗಂದ್ರ ಹೊರಗ ಕುಂತ ಹೆಂಗಸ್ರು ಹೆಂಗ ಹೋಗಬೇಕು?"

"ನಾಕ ದಿನದ್ದೇನ ಮಾತು? ಮತ್ತೊಬ್ಬಾಕಿ ತರ್ತಾಳ ಬಿಡು."

"ಕೇರಿಯವರು?"

"ಅವರಿಗೆ ಯಾರರ ಹಾಕ್ತಾರ. ನಿನಗ್ಯಾಕ ಊರ ಉಸಾಬರಿ? ರೊಟ್ಟಿ ನೀಡು."

ಅವ್ವ ರೊಟ್ಟಿ ನೀಡಿದಳು. ನಾವು ಬೀರಪ್ಪನ ಒಕ್ಕಲು. ಮೈಲಿಗೆಯಾದವರು ಆತನ ಅಂಗಳ ತುಳಿಯುವಂತಿಲ್ಲ ಎನ್ನುವುದು ನಮಗೆ ಹುಟ್ಟಿನಿಂದಲೇ ಗೊತ್ತು. ಹಳೆಯ ಬಾವಿಗೆ ಆ ತಕರಾರು ಇರಲಿಲ್ಲ, ಅದರ ದಂಡೆಯ ಮೇಲೆ ದೇವರಿರಲಿಲ್ಲ. ಊರ ಹೊರಗಿನ ಕೇರಿಯವರನ್ನು ಮಾತ್ರ ಅಲ್ಲಿಗೂ ಬಿಡುತ್ತಿರಲಿಲ್ಲ. ಈಗ ಅವರು ಗುಡಿಯ ಪೌಳಿಗೋಡೆಯ ಹೊರಗೆ ಖಾಲಿ ಕೊಡ ಇಟ್ಟುಕೊಂಡು ನಿಲ್ಲತೊಡಗಿದರು. ಒಳಗಿನವರು ತಮ್ಮದು ತುಂಬಿಕೊಂಡ ಮೇಲೆ ಮನಸ್ಸಿಗೆ ಬಂದರೆ ದೂರದಿಂದ ಸುರಿಯುತ್ತಿದ್ದರು. ಅರ್ಧ ನೀರು ಮಣ್ಣಿಗೇ ಹೋಗುತ್ತಿತ್ತು.

ಹಸಿರು ಹುಡುಕಿಕೊಂಡು ಅಪ್ಪ, ಅಣ್ಣ ಕುರಿಹಿಂಡು ಹೊಡೆದುಕೊಂಡು ಕಾಲುವೆ ಸೀಮೆಯ ಕಡೆ ಹೋದರು. ಬರ ಬಿದ್ದಾಗ ಗಂಡಸರು ಕುರಿಗಳ ಜೊತೆ ಊರು ಬಿಡುವುದು, ಹೆಂಗಸರು ಬರದ ಜೊತೆ ಊರಲ್ಲೇ ಉಳಿಯುವುದು ನಮ್ಮಲ್ಲಿ ನಡೆದುಬಂದ ರೀತಿ. ಹಾಲಿಗೆ ಒಂದು ಆಡು ಬಿಟ್ಟುಹೋಗಿದ್ದರು. ಮನೆಯಲ್ಲಿ ಅವ್ವ, ನಾನು, ಚೊಚ್ಚಲ ಬಾಣಂತನಕ್ಕೆ ಕೆರೂರಿನಿಂದ ತವರಿಗೆ ಬಂದಿದ್ದ ಅಕ್ಕ. ನಾನಾಗ ಸಾಲೆಗೆ ಹೋಗುವ ಹುಡುಗಿ. ಸಾಲೆಗೆ ಹೋಗುವ ಅಂದೆನಲ್ಲ, ಅದೂ ದೊಡ್ಡ ಮಾತಾಯಿತು. ನೀರಿನ ಪಾಳಿ ಮುಗಿಯುವಷ್ಟರಲ್ಲಿ ಸಾಲೆ ಮುಗಿದಿರುತ್ತಿತ್ತು.

ಅಕ್ಕ ಹಡೆದಳು. ಹೆಣ್ಣು ಕೂಸು. ಕೆಂಪಗೆ, ಕೈ ಮುಷ್ಟಿ ಬಿಗಿ ಹಿಡಿದುಕೊಂಡು ಬಂದಿತ್ತು. ಅದರ ಬಾಯಿ ನೋಡಿ ನಾನು ನಕ್ಕದ್ದು ನೆನಪಿದೆ, ಅಷ್ಟು ಸಣ್ಣ ಬಾಯಿಯಿಂದ ಅಷ್ಟು ದೊಡ್ಡ ದನಿ. ಅವ್ವ ಮಾತ್ರ ನಗಲಿಲ್ಲ. ಖಾಲಿ ಹಂಡೆಯ ಕಡೆ ನೋಡುತ್ತಿದ್ದಳು. ನನಗೆ ಆಗ ಹೊಳೆಯಿತು. ಹೆರಿಗೆಯಾದ ಮನೆಗೆ ಪುರುಡು. ಅದು ಕಳೆಯುವವರೆಗೆ ಮನೆಯ ಯಾರೂ ಗುಡಿಯ ಅಂಗಳಕ್ಕೆ ಕಾಲಿಡುವಂತಿಲ್ಲ. ಊರಲ್ಲಿ ಎಲ್ಲರಿಗಿಂತ ಹೆಚ್ಚು ನೀರು ಬೇಕಾದದ್ದು ಬಾಣಂತಿಯ ಮನೆಗೆ, ಊರಿನ ಒಂದೇ ಒಂದು ಒಳ್ಳೆಯ ನೀರು ಮುಟ್ಟಬಾರದ್ದು ಅದೇ ಮನೆ.

ಈಗ ವಯಸ್ಸಾದ ಮೇಲೆ ನನ್ನನ್ನೂ ಸಭೆಗಳಿಗೆ ಕರೆಯುತ್ತಾರೆ. ಹವಾಮಾನ ಬದಲಾಗುತ್ತಿದೆ, ಬರ ಹೆಚ್ಚಾಗುತ್ತದೆ, ಎಲ್ಲರೂ ಒಂದಾಗಿ ಎದುರಿಸಬೇಕು ಎಂದು ಮೈಕಿನ ಮುಂದೆ ಹೇಳುತ್ತಾರೆ. ಬರ ಎಲ್ಲರಿಗೂ ಒಂದೇ ಎಂದು ಯಾರಾದರೂ ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಯಾವ ಊರಲ್ಲಿ ಒಂದೇ ಆಗಿತ್ತಪ್ಪಾ, ಹೆಸರು ಹೇಳು ಎಂದು ಎದ್ದು ನಿಂತು ಕೇಳಬೇಕೆನಿಸುತ್ತದೆ. ಒಮ್ಮೆ ಕೇಳಿಯೂ ಬಿಟ್ಟೆ, ಮುಂದಿನ ಸಲ ಕರೆಯಲಿಲ್ಲ.

ನಾನು ಕೊಡ ತೆಗೆದುಕೊಂಡು ಪೌಳಿಗೋಡೆಯ ಹೊರಗೆ, ಕೇರಿಯ ಹೆಂಗಸರ ಪಕ್ಕ ನಿಂತೆ. ಮೊದಮೊದಲು ನಮ್ಮ ಪಕ್ಕದ ಮನೆಯಾಕೆ ಹಾಕಿದಳು. ಅವರು ಬಸವಣ್ಣನ ಭಕ್ತರು, ಅವರ ಮನೆಯಲ್ಲಿ ಸೂತಕ ಗೀತಕ ನಂಬುವುದಿಲ್ಲ. ಆಕೆಯ ಕೈಯಿಂದಲೇ ನಮ್ಮ ಹಂಡೆಗೆ ನೀರು ಬಂತು, ಅಕ್ಕನ ಮೈಗೆ ಬಿಸಿನೀರು ಬಿತ್ತು. ಆದರೆ ಬಿಸಿಲು ಏರಿದ ಹಾಗೆ ಬೋರಿಂಗು ಕೆಮ್ಮತೊಡಗಿತು. ಎಷ್ಟು ಒತ್ತಿದರೂ ಬರೀ ಗಾಳಿ, ನಡುವೆ ಒಂದು ಚರಿಗೆ ನೀರು. ಪಾಳಿಯಲ್ಲಿ ಕೂದಲು ಹಿಡಿದು ಜಗಳ. ದೇವರ ಮುಂದೆ ಜಗಳ ಆಗುವುದಿಲ್ಲ ಅಂದಿದ್ದ ಅಪ್ಪ ಅದನ್ನು ನೋಡಲು ಊರಲ್ಲಿರಲಿಲ್ಲ. ಪಕ್ಕದ ಮನೆಯಾಕೆಗೆ ಅವಳ ಅತ್ತೆ, "ನಿನ್ನ ಮಕ್ಕಳ ಬಾಯಿ ಒಣಗಿಸಿ ಮಂದೀ ಹಂಡೆ ತುಂಬಸ್ತಿಯೇನ?" ಎಂದು ಎಲ್ಲರೆದುರು ಬೈದಳು. ಅವಳು ಮರುದಿನದಿಂದ ಗೋಡೆಯ ಕಡೆ ನೋಡಲಿಲ್ಲ.

ನೀರು ಬೀಳಲಿಲ್ಲ. ಬೆಳಗಿನಿಂದ ಮಧ್ಯಾಹ್ನದವರೆಗೆ ನಿಂತು ಖಾಲಿ ಕೊಡ ಹೊತ್ತು ಮನೆಗೆ ಬರುವುದು ಏನೆಂದು ನನಗೆ ಆಗ ಗೊತ್ತಾಯಿತು. ನನ್ನ ಪಕ್ಕ ನಿಂತವರಿಗೆ ಅದು ದಿನದ ಪಾಡು. ಅವರಲ್ಲೊಬ್ಬಾಕೆ, ನಮ್ಮ ಅಕ್ಕನ ವಾರಿಗೆಯವಳು, ಕಂಕುಳಲ್ಲಿ ಕೂಸಿದ್ದಾಕೆ, ಕೇಳಿದಳು.

"ನಿಮ್ಮಕ್ಕಗ ಹಾಲ ಅದಾವೇನ್ರೀ?"

"ಇಲ್ಲ. ಜ್ವರಾ ಬಂದಾವು. ಹಾಲ ಬತ್ಯಾವು."

ಅವಳು ಸಂಜೆ ನಮ್ಮ ಹಿತ್ತಲ ಬೇಲಿಯಾಚೆ ಬಂದು ನಿಂತಳು. ತಲೆಯ ಮೇಲೆ ಕೊಡ. ಕೇರಿಯವರು ಹಳ್ಳದ ಮರಳಿನಲ್ಲಿ ವರತೆ ತೋಡಿದ್ದರು. ಒಂದು ಕೊಡ ತುಂಬಲು ಕೂತು ಕೂತು ಚಿಪ್ಪಿನಿಂದ ಗೋರಬೇಕು. ಕೊಡದೊಳಗೆ ಬಗ್ಗಿ ನೋಡಿದೆ. ತಳ ಕಾಣುವಷ್ಟು ತಿಳಿಯಾದ ನೀರು.

"ಬಾಣಂತಿಗೆ ಇರಲಿ ತಗೋರಿ ಯವ್ವಾ. ಯಾರೂ ನೋಡಿಲ್ಲ," ಅಂದಳು.

ಅವ್ವ ಕೈ ಚಾಚಿದ್ದನ್ನು ನಾನು ನೋಡಿದೆ. ಚಾಚಿದ ಕೈಯನ್ನು ಅವಳೇ ಹಿಂದಕ್ಕೆ ತೆಗೆದುಕೊಂಡಳು.

"ನಿನ್ನ ಹೊಟ್ಟಿ ತಣ್ಣಗಿರಲಿ ತಂಗಿ. ಇಸಗೊಳ್ಳಾಕ ಬರೂದಿಲ್ಲ. ಗಂಡಸರು ಊರಾಗಿಲ್ಲ. ನಾಳೆ ದೈವದ ಮುಂದ ನಿಂತು ಉತ್ತರಾ ಹೇಳಾವರು ಯಾರು?"

ಕುಲದ ಹಿರಿಯರು ಕೂಡಿ ನ್ಯಾಯ ಹೇಳುವುದಕ್ಕೆ ನಮ್ಮ ಕಡೆ ದೈವ ಎನ್ನುತ್ತಾರೆ. ಅವರು ಹೊರಗೆ ಹಾಕಿದರೆ ಓಣಿಯಲ್ಲಿ ಒಂದು ಕೊಳ್ಳಿ ಬೆಂಕಿಯೂ ಹುಟ್ಟುವುದಿಲ್ಲ, ನನ್ನ ಲಗ್ನವೂ ಆಗುವುದಿಲ್ಲ. ಅವ್ವ ಅದನ್ನೆಲ್ಲ ಆ ಒಂದು ಗಳಿಗೆಯಲ್ಲಿ ತೂಗಿರಬೇಕು. ಒಳಗಿನಿಂದ ಅಕ್ಕ, "ಯವ್ವಾ, ಇಸಗೋ ಬೇ" ಅಂದಳು. ದನಿ ಎತ್ತುವ ಶಕ್ತಿಯೂ ಅವಳಿಗಿರಲಿಲ್ಲ. ಅವ್ವ ಕೇಳಿಸದವಳ ಹಾಗೆ ನಿಂತಳು. ಅವ್ವನ ಮೇಲೆ ನನಗೆ ಬಂದ ಸಿಟ್ಟು ಎಷ್ಟೋ ವರ್ಷ ಇಳಿಯಲಿಲ್ಲ. ಬೇಲಿಯಾಚೆಯವಳು ಕೊಡವನ್ನು ಮತ್ತೆ ತಲೆಗೆ ಏರಿಸಿಕೊಂಡು ಹೋದಳು.

ನಾವು ಹಳೆಯ ಬಾವಿಗೇ ಹೋದೆವು. ನಾನು ಒಳಗಿಳಿದು ತಳದ ನೀರನ್ನು ತುಂಬಿಕೊಟ್ಟೆ. ಅವ್ವ ಸೀರೆಯ ಸೆರಗನ್ನು ನಾಲ್ಕು ಮಡಿಕೆ ಮಾಡಿ ಸೋಸಿದಳು, ಸೋಸಿದ ಮೇಲೂ ನಾತ ಹೋಗಲಿಲ್ಲ. ಆಡಿನ ಹಾಲು ಕೂಸಿಗೆ ಗಟ್ಟಿ ಆಗುತ್ತದೆಂದು ಆ ನೀರನ್ನೇ ಬೆರೆಸಿ, ಅರಿವೆ ಅದ್ದಿ ಬಾಯಿಗೆ ಹಿಂಡಿದಳು. ಕೂಸು ಚಪ್ಪರಿಸಿ ಕುಡಿಯಿತು.

ಆಮೇಲೆ ಭೇದಿ ಹತ್ತಿತು. ಮೊದಲು ಅಳುತ್ತಿತ್ತು, ಆಮೇಲೆ ಅಳುವುದನ್ನೂ ಬಿಟ್ಟಿತು. ನೆತ್ತಿ ಒಳಗೆ ಇಳಿಯಿತು. ಕೈಯ ಮುಷ್ಟಿ ತಾನಾಗಿ ಬಿಚ್ಚಿಕೊಂಡಿತ್ತು, ನಾನು ಮತ್ತೆ ಮತ್ತೆ ಮಡಚುತ್ತಿದ್ದೆ. ಇಳಕಲ್ಲಿನ ದವಾಖಾನೆಗೆ ಒಯ್ಯಬೇಕೆಂದು ಅವ್ವ ಮುಂಜಾನೆಯ ಬಸ್ಸಿಗೆ ತಯಾರಾದಳು. ಬಸ್ಸು ಬರುವ ಮೊದಲೇ ಕೂಸು ಹೋಗಿಬಿಟ್ಟಿತು. ಅದಕ್ಕೆ ಇನ್ನೂ ಹೆಸರಿಟ್ಟಿರಲಿಲ್ಲ.

ಪುರುಡು ಇನ್ನೂ ಕಳೆದಿರಲಿಲ್ಲ, ಅದರ ಮೇಲೆ ಸಾವಿನ ಸೂತಕ ಬಂದು ಕೂತಿತು. ಬೋರಿಂಗು ನಮಗೆ ಇನ್ನೂ ದೂರವಾಯಿತು. ಓಣಿಯವರು ಬಾಗಿಲ ತನಕ ಬಂದು ನಿಂತು ಲೊಚಗುಟ್ಟಿದರು. ಒಳಗೆ ಯಾರೂ ಬರಲಿಲ್ಲ. ಕೆಟ್ಟ ಮಂದಿಯೇನಲ್ಲ ಅವರು. ಸತ್ತ ಮನೆಯೊಳಗೆ ಬಂದರೆ ತಿರುಗಿ ಹೋಗಿ ಮೈ ತೊಳೆಯಬೇಕು, ಮೈ ತೊಳೆಯಲು ಯಾರ ಮನೆಯಲ್ಲಿ ನೀರಿತ್ತು? ಎಲ್ಲಿದ್ದಾರೆಂದು ಗೊತ್ತಿಲ್ಲದ ಅಪ್ಪನಿಗೆ ಸುದ್ದಿ ಮುಟ್ಟಿಸುವ ದಾರಿಯೂ ಇರಲಿಲ್ಲ. ಮೈ ತೊಳೆಯದೆ, ಮಲಿನವಾದ ಅರಿವೆಯಲ್ಲೇ ಸುತ್ತಿ ಮಣ್ಣಿಗೆ ಕೊಡಬೇಕಲ್ಲ ಎಂದು ಅವ್ವ ಗೋಡೆಗೆ ಹಣೆ ಹಚ್ಚಿ ಅತ್ತಳು. ಅವಳು ಅಷ್ಟು ಜೋರಾಗಿ ಅತ್ತದ್ದನ್ನು ನಾನು ಹಿಂದೆ ಕಂಡಿರಲಿಲ್ಲ.

ಹಿತ್ತಲ ಬೇಲಿಯಾಚೆ ಅವಳು ಮತ್ತೆ ಬಂದಳು. ತಲೆಯ ಮೇಲೆ ಅದೇ ಕೊಡ. ಈ ಸಲ ಅವ್ವ ಹೋಗಿ ಕೊಡವನ್ನು ಎರಡೂ ಕೈಯಿಂದ ಇಸಿದುಕೊಂಡಳು. ಹೆಣದ ಮೈ ತೊಳೆಯುವ ನೀರಿಗೆ ದೈವದವರು ಏನೂ ಅನ್ನಲಾರರು ಎಂಬ ಧೈರ್ಯವೋ, ಇನ್ನು ಏನಾದರೂ ಅನ್ನಲಿ ಎಂಬ ಹಟವೋ, ನನಗೆ ಇವತ್ತಿಗೂ ತಿಳಿದಿಲ್ಲ. ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು, ನೆತ್ತಿಯಿಂದ ಅಂಗಾಲಿನವರೆಗೆ, ಬಾಣಂತಿಯ ಮನೆಯಲ್ಲಿ ದಿನಾ ಎರೆಯಬೇಕಾದ ಹಾಗೇ ಎರೆದಳು.

ಅಕ್ಕ ಹೊರಸಿನ ಮೇಲಿಂದ ನೋಡುತ್ತಿದ್ದಳು.

"ಅವತ್ತ ಇಸಗೊಂಡಿದ್ರ ಕುಡೀತಿತ್ತಲ್ಲ ಬೇ," ಅಂದಳು.

ಅವ್ವ ಅರಿವೆಯ ಮೇಲೆ ಒಂದಿಷ್ಟು ನೀರು ಸುರಿದು ಒಗೆದು, ಹಿಂಡಿ, ಅದರಲ್ಲಿ ಕೂಸನ್ನು ಸುತ್ತಿದಳು. ಕೊಡದಲ್ಲಿ ಸ್ವಲ್ಪ ನೀರು ಉಳಿದಿತ್ತು. ಅದನ್ನು ಚರಿಗೆಗೆ ಬಗ್ಗಿಸಿ ತಂದು ಅಕ್ಕನ ಬಾಯಿಗೆ ಹಿಡಿದಳು. ಅಕ್ಕ ತಳ್ಳಿಬಿಡುತ್ತಾಳೆ ಅಂದುಕೊಂಡೆ. ಅವಳು ಚರಿಗೆಯನ್ನು ಕಸಿದುಕೊಂಡು, ಅಳುತ್ತಲೇ, ಒಂದು ಹನಿ ಬಿಡದೆ ಕುಡಿದಳು. ಅಷ್ಟು ನೀರಡಿಸಿದ್ದಳು.