ಸ್ಟ್ರೈಕರ್ ಐಸಾಕನ ಒಂದು ಸುಳ್ಳು

ಐಸಾಕ್ ಮೆನ್ಸಾ ಹನ್ನೊಂದು ವರ್ಷ ವೃತ್ತಿಪರ ಫುಟ್‌ಬಾಲ್ ಆಡಿದ ಸ್ಟ್ರೈಕರ್. ಅಪ್ಪ ಘಾನಾದವನು, ಅವ್ವ ಶೈಲಜಾ ಗದಗಿನವಳು, ಮನೆ ಅಮೆರಿಕದ ಇಸ್ಸಾಕ್ವಾ ಊರಿನ ಗುಡ್ಡದ ಮೇಲೆ. ತೊಂಬತ್ತು ಗೋಲು ಹೊಡೆದವನಿಗೂ ಹದಿನೇಳನೇ ವಯಸ್ಸಿನಲ್ಲಿ ಆಡಿದ ಒಂದು ಮಾತು ಒಳಗೊಳಗೇ ಚುಚ್ಚುತ್ತಿತ್ತು.

ಅಂದು ಹತ್ತಿರದ ಲಿನ್‌ವುಡ್ ಊರಿನಲ್ಲಿ ವೃತ್ತಿಪರ ತಂಡವೊಂದರ ಆಯ್ಕೆ ಪಂದ್ಯ. ಮೈದಾನದ ಗೆರೆಯಾಚೆ ನಿಂತ ಅವ್ವ, "ಓಡೋ ನನ್ನಪ್ಪಾ, ಬಿಡಬ್ಯಾಡ!" ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದಳು. ಜೊತೆಯ ಆಟಗಾರರು ಅದನ್ನೇ ಅಣಕಿಸಿ ನಕ್ಕರು. ವಿರಾಮದಲ್ಲಿ ಒಬ್ಬ, "ಯಾರವಳು?" ಎಂದು ಕೇಳಿದ. ಐಸಾಕ್ ಬೂಟಿನ ಲೇಸು ಬಿಗಿಯುತ್ತ, "ನನ್ನ ಹಳೇ ನ್ಯಾನಿ" ಎಂದು, ಹೆತ್ತವಳನ್ನೇ ಮಗು ನೋಡಿಕೊಳ್ಳುವ ಆಳು ಮಾಡಿಬಿಟ್ಟ. ಅವನ ಬಣ್ಣ, ಕೂದಲು ಎಲ್ಲ ಅಪ್ಪನದೇ ಆಗಿದ್ದರಿಂದ ಯಾರೂ ಅನುಮಾನಿಸಲಿಲ್ಲ.

ಉಳಿದ ಆಟದಲ್ಲಿ ಎರಡು ಗೋಲು ಹೊಡೆದು ಅವನು ಆಯ್ಕೆಯಾದ. ಅವ್ವನ ದನಿ ಮಾತ್ರ ಕೇಳಲಿಲ್ಲ. ಆಮೇಲೆ ಊರಲ್ಲಿ ನಡೆದ ಒಂದು ಪಂದ್ಯವನ್ನೂ ಅವಳು ತಪ್ಪಿಸಲಿಲ್ಲ, ಆದರೆ ಒಮ್ಮೆಯೂ ಕೂಗಲಿಲ್ಲ. ತನ್ನ ಮಾತು ಅವಳ ಕಿವಿಗೆ ಬಿದ್ದಿತ್ತೇ ಎಂದು ಕೇಳುವ ಧೈರ್ಯ ಅವನಿಗೆ ಬರಲಿಲ್ಲ.

ಮೊಣಕಾಲು ಕೈಕೊಟ್ಟು ಕಳೆದ ವರ್ಷ ನಿವೃತ್ತಿ ಘೋಷಿಸಿದ ದಿನ, ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ಅವಳ ಎದುರು ಕೂತು ಅರೆಬರೆ ಕನ್ನಡದಲ್ಲಿ ಬಾಯಿಬಿಟ್ಟ.

"ಅವ್ವಾ, ಅವತ್ತು ಲಿನ್‌ವುಡ್‌ನಲ್ಲಿ ನಿನ್ನನ್ನ ನನ್ನ ನ್ಯಾನಿ ಅಂದೆ."

"ಕೇಳಿಸಿತ್ತಪಾ."

"ಮತ್ತೆ ಎಲ್ಲಾ ಮ್ಯಾಚ್‌ಗೂ ಯಾಕೆ ಬಂದೆ?"

"ನಿನ್ನ ಆಟ ನೋಡಾಕ. ನಿನಗ ನಾಚಿಕಿ ಆಗಬಾರದಂತ ಬಾಯಿ ಮುಚ್ಕೊಂಡಿದ್ದೆ."

ಬೈಸಿಕೊಳ್ಳಲು ಸಿದ್ಧನಾಗಿ ಬಂದಿದ್ದ ಐಸಾಕನಿಗೆ ಅವಳ ಮುಖ ನೋಡಲಾಗಲಿಲ್ಲ.