ಡಿಸ್ಕಿಗೆ ಇಳಿಯದ ಸೋಬಾನೆ

2004ರ ಮಾರ್ಚ್ ತಿಂಗಳ ಒಂದು ಶುಕ್ರವಾರ, ಮಧ್ಯಾಹ್ನ ಮೂರು ಗಂಟೆಗೆ, ಹಾಸನದಲ್ಲಿ ಹಿಟ್ಟಿನ ಮಿಲ್ಲೊಂದರ ಮೇಲಿದ್ದ ನಮ್ಮ ರೆಕಾರ್ಡಿಂಗ್ ಕೋಣೆಯಲ್ಲಿ, ಕಂಪ್ಯೂಟರ್ ಮೇಜಿನ ಎಡಗಡೆ ನಾನು ನಿಂತಿದ್ದೆ. ಇದ್ದ ಒಂದು ಒಳ್ಳೆಯ ಕುರ್ಚಿಯನ್ನು ಹಾಡಲು ಬಂದಿದ್ದ ಅಜ್ಜಿಗೆ ಕೊಟ್ಟಿದ್ದೆ.

ಅಜ್ಜಿ ಅರಕಲಗೂಡು ಕಡೆಯವರು, ಸೋಬಾನೆ ಹಾಡುವವರು. ಗಂಟಲಲ್ಲಿ ಗಂಟಾಗಿತ್ತು. ಸೋಮವಾರ ಮೈಸೂರಿನಲ್ಲಿ ಆಪರೇಷನ್. ಆಮೇಲೆ ದನಿ ಉಳಿಯುವುದು ಅನುಮಾನ ಎಂದು ಡಾಕ್ಟರು ಹೇಳಿದ್ದರಂತೆ. ಅದಕ್ಕೇ ಹೊಳೆನರಸೀಪುರದಲ್ಲಿ ಸ್ಕೂಲ್ ಮೇಡಂ ಆಗಿದ್ದ ಅವರ ಸೊಸೆ ರಜೆ ಹಾಕಿ ಕರೆತಂದಿದ್ದರು. ತಬಲಾ ನುಡಿಸುವ ನನ್ನ ಗೆಳೆಯ ಹಾಡು ಕೇಳಲೆಂದೇ ಚನ್ನರಾಯಪಟ್ಟಣದಿಂದ ಬಂದಿದ್ದ. ವಾದ್ಯಗಳ ರೆಕಾರ್ಡಿಂಗ್ ಹಿಂದಿನ ವಾರವೇ ಮುಗಿದಿತ್ತು.

ನಮ್ಮ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ನಿಧಾನ. ತಬಲಾ, ಕೊಳಲು, ಹಾರ್ಮೋನಿಯಂ, ಹಿಮ್ಮೇಳ ಎಲ್ಲವನ್ನೂ ಒಟ್ಟಿಗೆ ಓದಬೇಕಾದಾಗ ಎಡವುತ್ತಿತ್ತು. ಹಾಡು ತುಂಡು ತುಂಡಾಗಿ ಬರುತ್ತಿತ್ತು. ಹಾಗಾಗಿ ನಾನು ಹೆಚ್ಚು ಮೆಮೊರಿ ಹಾಕಿಸಿ, ಟ್ರ್ಯಾಕುಗಳನ್ನೆಲ್ಲ ಮೊದಲೇ ಅದರೊಳಗೆ ಎತ್ತಿಟ್ಟುಕೊಂಡು ಅಲ್ಲಿಂದಲೇ ನುಡಿಸುವ ಏರ್ಪಾಡು ಮಾಡಿದ್ದೆ. ಹೊಸದಾಗಿ ಹಾಡಿದ್ದೂ ಮೊದಲು ಅಲ್ಲೇ ಹೋಗಿ ಕೂರುತ್ತಿತ್ತು. ಹಾಡು ಮುಗಿದ ಮೇಲೆ ಅದನ್ನು ನಾನೇ ಡಿಸ್ಕಿಗೆ ಇಳಿಸಬೇಕು. ಅಷ್ಟರೊಳಗೆ ಕಂಪ್ಯೂಟರ್ ಆರಿದರೆ ಏನೂ ಉಳಿಯುವುದಿಲ್ಲ. ಇದು ನನಗೆ ಗೊತ್ತಿತ್ತು. ಕಂಪ್ಯೂಟರು, ಮೈಕು ಎರಡೂ ಯುಪಿಎಸ್ ಮೇಲಿವೆಯಲ್ಲ ಎಂಬ ಧೈರ್ಯ.

ಆ ಯುಪಿಎಸ್ ಕರೆಂಟು ಹೋದಾಗ ಕೀ ಕೀ ಎಂದು ಕೂಗುತ್ತಿತ್ತು. ಒಮ್ಮೆ ಯಾರದೋ ಭಜನೆಯೊಳಗೆ ಆ ಕೂಗು ಸೇರಿಹೋದ ಮೇಲೆ ಕೂಗುವ ಬಜರಿನ ತಂತಿಯನ್ನು ಕತ್ತರಿಸಿದ್ದೆ. ಫ್ಯಾನು, ಟ್ಯೂಬ್‌ಲೈಟುಗಳ ಸದ್ದೂ ಮೈಕಿಗೆ ಬೀಳುತ್ತದೆಂದು ಆರಿಸಿಟ್ಟಿದ್ದೆವು. ಕಿಟಕಿಯ ಬೆಳಕು ಸಾಕಿತ್ತು.

ಕೆಳಗೆ ಮಿಲ್ಲು ಗಡಗಡಿಸುತ್ತಿತ್ತು. ಅದು ನಿಲ್ಲಲಿ ಎಂದೇ ಕಾಯುತ್ತಿದ್ದೆವು. ಇದ್ದಕ್ಕಿದ್ದಂತೆ ನಿಂತಿತು.

"ಮಿಲ್ ನಿಂತ್ಕಂತು ಕಣ್ಲಾ! ಶುರು ಅಚ್ಕೊ, ಬೇಗ," ಎಂದ ಗೆಳೆಯ.

ಅಜ್ಜಿ ಮೊದಲ ಹಾಡನ್ನು ಎಲ್ಲೂ ನಿಲ್ಲಿಸದೆ ಹಾಡಿದರು. ದನಿ ಒಂದು ಕಡೆಯೂ ಕಂಪಿಸಲಿಲ್ಲ. ಡಿಸ್ಕಿಗೆ ಇಳಿಸಲು ನಾನು ಮೌಸ್ ಹಿಡಿದೆ.

"ತಡಿ ಮಗ, ಇನ್ನೊಂದೈತೆ. ಈಗ ಬಾಯಿಗೆ ಬಂದೈತೆ, ಆಮ್ಯಾಕೆ ಬತ್ತದೋ ಇಲ್ವೋ."

"ಒಂದು ಗುಟುಕು ನೀರು ಕುಡೀರಿ ಅತ್ತೆ," ಎಂದರು ಸೊಸೆ.

"ನೀನೂ ನಿನ್ ನೀರೂ! ಇಸ್ಕೂಲ್ ಮಕ್ಳಿಗೆ ಏಳೋಗು."

ಎಲ್ಲರೂ ನಕ್ಕೆವು. ನಾನು ಇಳಿಸುವುದನ್ನು ಬಿಟ್ಟು ರೆಕಾರ್ಡ್ ಒತ್ತಿದೆ. ಎರಡನೆಯ ಹಾಡಿನ ಮೂರನೆಯ ನುಡಿಯಲ್ಲಿ ಪರದೆ ಕಪ್ಪಾಯಿತು.

ಗೆಳೆಯ ಎದ್ದು ಫ್ಯಾನಿನ ಸ್ವಿಚ್ ಒತ್ತಿದ. ಫ್ಯಾನು ತಿರುಗಲಿಲ್ಲ. "ಕರೆಂಟ್ ಯಾವಾಗ ಓಯ್ತ್ಲಾ?" ಎಂದ. ಆಗ ನನಗೆ ತಿಳಿಯಿತು, ಮಿಲ್ಲು ನಿಂತದ್ದು ಯಾಕೆಂದು. ಅಜ್ಜಿ ಹಾಡಿದಷ್ಟೂ ಹೊತ್ತು ನಾವು ಬ್ಯಾಟರಿಯ ಮೇಲಿದ್ದೆವು.

"ಆಡಿದ್ದು ಎಲ್ಲೋಯ್ತು ಮಗ?"

"ಇಲ್ಲ ಅಜ್ಜಿ."

"ಇಲ್ಲ ಅಂದ್ರೆ? ಅದ್ರೊಳಗೇ ಇರ್ಬೇಕಲ್ವಾ, ಈಗ್ತಾನೆ ಆಡಿವ್ನಿ." ಬಗ್ಗಿ ಕಂಪ್ಯೂಟರಿನ ಹಿಂದೆ ನೋಡಿದರು.

ಐದೂವರೆಗೆ ಕರೆಂಟು ಬಂತು. ಮಿಲ್ಲಿನವರು ಆಗಲೇ ಬಾಗಿಲು ಹಾಕಿ ಹೋಗಿದ್ದರು. ಅಜ್ಜಿ ಮೊದಲ ಹಾಡನ್ನೇ ಮತ್ತೆ ಎತ್ತಿಕೊಂಡರು. ಎರಡನೆಯ ಸಾಲಿಗೆ ದನಿ ಒಡೆಯಿತು. ಇನ್ನೊಮ್ಮೆ ಎತ್ತಿದರು, ಅಲ್ಲೇ ಒಡೆಯಿತು. ಸೊಸೆ ಮೈಕಿಗೆ ಅಂಗೈ ಅಡ್ಡ ಹಿಡಿದು, "ಸಾಕು ಸಾರ್, ಬಿಡಿ," ಎಂದರು.

ಆಪರೇಷನ್ ಆದ ಮೇಲೆ ಅಜ್ಜಿ ಕೈಸನ್ನೆಯಲ್ಲೇ ಮೂರು ವರ್ಷ ಬದುಕಿದ್ದರು. ಈಗಿಲ್ಲ. ತಬಲಾದವನು ಚನ್ನರಾಯಪಟ್ಟಣದಲ್ಲೇ ಇದ್ದಾನೆ. ಸೊಸೆ ನಿವೃತ್ತರಾಗಿ ಹೊಳೆನರಸೀಪುರದಲ್ಲಿದ್ದಾರೆ. ಆ ಮೊದಲ ಹಾಡನ್ನು ಅಂದು ಪೂರ್ತಿ ಕೇಳಿದವರಲ್ಲಿ ಉಳಿದಿರುವುದು ನಾವು ಮೂವರು. ನನಗೆ ಅದರ ಎರಡು ಸಾಲು ಮಾತ್ರ ನೆನಪಿದೆ. ಸೊಸೆಗೆ ಎಷ್ಟು ನೆನಪಿದೆಯೋ, ಕೇಳಲು ಇನ್ನೂ ಹೋಗಿಲ್ಲ.