ಕಾಣೆಯಾದ ಮರಳಿನ ವಿಚಾರಣೆ

ಈ ಭೂಮಿಯ ಮೇಲೆ ನಿಂತಲ್ಲೇ ನಿಲ್ಲುವಂಥದ್ದು ಯಾವುದೂ ಇಲ್ಲ. ಬೆಟ್ಟ ಸವೆಯುತ್ತದೆ, ಹೊಳೆ ಪಾತ್ರ ಬದಲಿಸುತ್ತದೆ, ದೇಶಗಳ ಅಂಚನ್ನು ಕಡಲು ದಿನವೂ ಅಳಿಸಿ ತಿದ್ದುತ್ತದೆ. ಇಷ್ಟು ಗಹನವಾದ ಸತ್ಯ ನನಗೆ ಹೊಳೆದದ್ದು ಧ್ಯಾನದಿಂದಲ್ಲ; ನಮ್ಮ ಕಡೆಯವರೊಬ್ಬರ ಮೇಲೆ ಮರಳು ಕದ್ದ ಆರೋಪ ಬಂದದ್ದರಿಂದ.

ನಾನು ಮಂಡ್ಯದ ಕಡೆಯವನು. ಗಲ್ಫಿನಲ್ಲಿ, ಶುಐಬಾದ ಕಾರ್ಖಾನೆಯೊಂದರಲ್ಲಿ ಪಂಪುಗಳ ಯೋಗಕ್ಷೇಮ ನೋಡಿಕೊಳ್ಳುವುದು ನನ್ನ ಉದ್ಯೋಗ. ಮಹಬೂಲಾದ ಒಂಬತ್ತನೇ ಮಹಡಿಯ ನಮ್ಮ ಮನೆಯ ಕಿಟಕಿಯಿಂದ ಸಮುದ್ರದ ಒಂದು ತುಂಡು ಕಾಣುತ್ತದೆ. ಅದನ್ನು ವರ್ಷಗಟ್ಟಲೆ ನೋಡಿದ್ದೆನೇ ಹೊರತು ಅದರ ಬಗ್ಗೆ ಯೋಚಿಸಿರಲಿಲ್ಲ. ಹೀಗಿರುವಾಗ, ಕಟ್ಟಡದ ಕೆಳಗಿನ ದಿನಸಿ ಅಂಗಡಿಯ ಬ್ಯಾರಿಗಳು ಒಂದು ಸಂಜೆ ಮೊಸರಿನ ಡಬ್ಬ ಕೊಡುತ್ತಾ ಕೇಳಿದರು.

"ಸಾರ್, ನೀವು ಇಂಜಿನಿಯರ್ ಅಲ್ವಾ? ನಮ್ಮ ಭಾವನಿಗೆ ಸ್ವಲ್ಪ ಉಪದ್ರ ಆಗಿದೆ ಮಾರಾಯ್ರೆ. ಅವರು ಕಾಯುವ ಮನೆಯ ಎದುರು ಇದ್ದ ಮರಳು ಕಾಣ್ತಾ ಇಲ್ಲ."

"ಅದನ್ನ ಪೊಲೀಸ್ನೋರಿಗೆ ಹೇಳಬೇಕಲ್ಲಪ್ಪ."

"ಅದೇ ಹೆದರಿಕೆ. ಅವರ ಕಫೀಲ್ ಕೂಡ ಅದನ್ನೇ ಹೇಳ್ತಾ ಇರುವುದು." ಕಫೀಲ್ ಎಂದರೆ ವೀಸಾ ಕೊಟ್ಟು ಕೆಲಸಕ್ಕಿಟ್ಟುಕೊಂಡ ಧಣಿ.

ಮುಂದಿನ ಶುಕ್ರವಾರ ಬೆಳಿಗ್ಗೆ ಹೋದೆ. ಶುಐಬಾ ದಾಟಿ ದಕ್ಷಿಣಕ್ಕೆ, ಶ್ರೀಮಂತರು ವಾರಾಂತ್ಯ ಕಳೆಯಲು ಕಟ್ಟಿಸಿಕೊಂಡ ಬಂಗಲೆಗಳ ಸಾಲು. ಅದರಲ್ಲಿ ಎರಡನೆಯದಕ್ಕೆ ನಮ್ಮವರು ಕಾವಲು. ಎಲ್ಲರೂ ಅವರನ್ನು ಕಾಕ ಎನ್ನುತ್ತಿದ್ದರು, ನಾನೂ ಅಂದೆ. ಉಳ್ಳಾಲದ ಆಚೆಯ ಕಡಲ ಕರೆಯಲ್ಲಿ ಹುಟ್ಟಿದವರು, ಅಲ್ಲಿ ಒಂಬತ್ತು ವರ್ಷದಿಂದ ಗೇಟು ಕಾಯುತ್ತಿದ್ದವರು.

ಆರೋಪದಲ್ಲಿ ಹುರುಳಿಲ್ಲದೆ ಇರಲಿಲ್ಲ. ಬಂಗಲೆಯಿಂದ ದಡಕ್ಕಿಳಿಯುವ ಮೆಟ್ಟಿಲುಗಳಲ್ಲಿ ಕೊನೆಯ ಮೂರು ಗಾಳಿಯಲ್ಲಿ ನೇತಾಡುತ್ತಿದ್ದವು. ಕೆಳಗೆ ಬರೀ ಕಲ್ಲು, ಕಪ್ಪೆಚಿಪ್ಪು. ಉತ್ತರಕ್ಕಿದ್ದ ಮೊದಲನೇ ಬಂಗಲೆಯ ಮುಂದೆ ಮಾತ್ರ ಮರಳೋ ಮರಳು. ಅವರ ಪ್ಲಾಸ್ಟಿಕ್ ಕುರ್ಚಿಗಳು ಮೊಣಕಾಲವರೆಗೆ ಹೂತಿದ್ದವು. ಕಫೀಲರ ತೀರ್ಮಾನ ಸರಳವಾಗಿತ್ತು: ಪಕ್ಕದ ಮನೆಯವರು ಕೈಗಾಡಿಯಲ್ಲಿ ಮರಳು ಸಾಗಿಸಿದ್ದಾರೆ, ಕಾಕ ಏನೋ ಇಸಕೊಂಡು ಸುಮ್ಮನಿದ್ದಾರೆ. ಕಾಕನ ಇಕಾಮಾ, ಅಂದರೆ ಆ ದೇಶದಲ್ಲಿರುವ ಪರವಾನಗಿ, ಆ ತಿಂಗಳ ಕೊನೆಗೆ ಮುಗಿಯುತ್ತಿತ್ತು. ಮರಳು ಎಲ್ಲಿಗೆ ಹೋಯಿತೆಂದು ಹೇಳದಿದ್ದರೆ ನವೀಕರಣವಿಲ್ಲ, ಖಲಾಸ್, ಊರಿಗೆ ಟಿಕೆಟ್. ಅರುವತ್ತರ ಹತ್ತಿರದವರಿಗೆ ಇನ್ನೊಬ್ಬ ಕಫೀಲ್ ಸಿಗುವುದು ಸುಲಭವಲ್ಲ. ಮಗಳ ನರ್ಸಿಂಗ್ ಓದು ಇನ್ನೂ ಒಂದು ವರ್ಷ ಬಾಕಿ.

ನಾನು ತನಿಖಾಧಿಕಾರಿಯ ಗಾಂಭೀರ್ಯದಿಂದ ದಡದಲ್ಲಿ ಎರಡು ಸಲ ಓಡಾಡಿದೆ. ಮೊದಲನೇ ಬಂಗಲೆಯವರು ದೋಣಿಗೆ ಆಸರೆಯಾಗಲೆಂದು ಹಿಂದಿನ ಚಳಿಗಾಲದಲ್ಲಿ, ಎರಡು ಬಂಗಲೆಗಳ ನಡುವೆ, ದಡದಿಂದ ನೀರಿನೊಳಕ್ಕೆ ಒಂದು ಕಲ್ಲುಗೋಡೆ ಹಾಕಿಸಿದ್ದರು. ಅದನ್ನು ನೋಡಿದೆ, ಚೆನ್ನಾಗಿ ಕಟ್ಟಿದ್ದಾರೆ ಅಂದುಕೊಂಡು ಮುಂದೆ ಹೋದೆ.

ನೀರು ಯಾವ ಕಡೆ ಹರಿಯುತ್ತದೋ ಮರಳೂ ಆ ಕಡೆಗೇ, ಎನ್ನುವುದು ನಾಲೆ ನೋಡಿ ಬೆಳೆದ ಮಂಡ್ಯದವನ ಸಿದ್ಧಾಂತ. ಮರುವಾರ, ಮನೆಯಲ್ಲಿ ಪೂಜೆಗೆಂದು ತಂದಿಟ್ಟ ಐದು ತೆಂಗಿನಕಾಯಿ ಒಯ್ದು, ಮೂರನ್ನು ನೀರಿಗೆ ಬಿಟ್ಟೆ. ಕಾಕ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು. ವಾಯವ್ಯದಿಂದ ಬೀಸುವ ಶಮಾಲ್ ಗಾಳಿ ಕಾಯಿಗಳನ್ನು ಬೆನ್ನು ತಟ್ಟಿ ಕಳಿಸಿತು. ಅರ್ಧ ಗಂಟೆಯಲ್ಲಿ ಮೂರೂ ಇರಾನಿನ ದಾರಿ ಹಿಡಿದವು. ಮರಳು ಇರಾನಿಗೆ ಹೋಗಿದೆ ಎಂದು ವರದಿ ಬರೆಯಲು ಧೈರ್ಯ ಬರಲಿಲ್ಲ.

ಮನೆಯಲ್ಲಿ ಇದನ್ನು ಹೇಳಿದಾಗ ಹನ್ನೆರಡು ವರ್ಷದ ಮಗಳು ಮೊಬೈಲಿನಿಂದ ತಲೆ ಎತ್ತದೆ ಅಂದಳು: "ಅಪ್ಪಾ, ಕೋಕೊನಟ್ ಫ್ಲೋಟ್ಸ್. ಸ್ಯಾಂಡ್ ಡಸಂಟ್."

ಹಾಗಾದರೆ ಮರಳಿಗೇ ಗುರುತು ಹಾಕಬೇಕು. ಹೆಂಡತಿಯ ಕಣ್ಣು ತಪ್ಪಿಸಿ ಕುಂಕುಮದ ದೊಡ್ಡ ಪೊಟ್ಟಣ ಎತ್ತಿಕೊಂಡು ಹೋಗಿ, ಒಂದು ಬಕೆಟ್ ಮರಳಿಗೆ ಕಲಸಿ ಅಲೆಯಂಚಿಗೆ ಸುರಿದೆ. ಎರಡನೇ ಅಲೆಗೆ ದಡವೆಲ್ಲ ಕೆಂಪು, ಐದನೇ ಅಲೆಗೆ ಏನೂ ಇಲ್ಲ. ನಡುವಿನ ಹೊತ್ತಿನಲ್ಲಿ ಪಕ್ಕದ ಮನೆಯ ಡ್ರೈವರ್ ಬೇಲಿಯಾಚೆಯಿಂದ ಕೂಗಿದ: "ಭಾಯಿ, ಕುರಿ ಕಡಿದ್ರಾ?"

ಕಾಕ ಆಗ ಗಂಟಲು ಸರಿಮಾಡಿಕೊಂಡರು. "ಸಾರ್, ಇಂಟರ್‌ಲಾಕ್ ಇಟ್ಟಿಗೆ ಉಂಟು ಹಿಂದೆ, ಕೆಂಪಿನದ್ದು. ಕುಟ್ಟಿ ಚೂರು ಮಾಡಿ ಹಾಕಿದ್ರೆ ಬಣ್ಣ ಹೋಗುದಿಲ್ಲ. ಗೋಡೆಯ ಆಚೆ ಒಂದು ಬಕೆಟ್, ಈಚೆ ಒಂದು ಬಕೆಟ್."

"ಆಚೆ ಯಾಕೆ?"

"ಮರಳು ನಡೀತದೆ ಸಾರ್. ಅದಕ್ಕೆ ಗೋಡೆ ಅಡ್ಡ ನಿಂತಿದೆ. ನಮ್ಮ ಊರಲ್ಲಿ ಹೀಗೇ ಕಲ್ಲು ಹಾಕಿದ್ರು. ಒಬ್ಬನ ಮನೆ ಉಳೀತು, ಅವನ ಪಕ್ಕದವನ ಬಾವಿ ಕಡಲಿಗೆ ಹೋಯ್ತು."

"ಇದನ್ನ ಮೊದಲೇ ಹೇಳಬಾರದಾಗಿತ್ತಾ ಕಾಕ?"

"ನಮ್ಮ ಕಫೀಲ್ ಬಾಬಾನಿಗೆ ಹೇಳಿದ್ದೆ. ನೀನು ಗೇಟ್ ನೋಡು, ಸಮುದ್ರ ನೋಡಬೇಡ ಅಂದ್ರು. ನಾನು ಹೇಳಿದ್ರೆ ಆಗ್ತದಾ? ಇಂಜಿನಿಯರ್ ಹೇಳ್ಬೇಕು."

"ನನಗಾದ್ರೂ ಹೇಳಬಹುದಿತ್ತಲ್ಲ!"

"ನೀವು ಅಷ್ಟು ಕಷ್ಟಪಟ್ಟು ತೆಂಗಿನಕಾಯಿ ಹೊತ್ಕೊಂಡು ಬಂದಿದ್ರಿ. ಬೇಡ ಅನ್ನುವುದು ಹೇಗೆ? ಉಳಿದ ಎರಡು ಕಾಯಿ ನಮ್ಮ ಸಾರಿಗೂ ಆಯ್ತಲ್ಲ."

ಇಬ್ಬರೂ ಕೂತು ಇಟ್ಟಿಗೆ ಕುಟ್ಟಿದೆವು. ಚೂರು ಹಾಕಿ, ನಾನು ದಡದಲ್ಲಿ ಹೊಟ್ಟೆ ಅಡಿಯಾಗಿ ಮಲಗಿ ನೋಡಿದೆ. ಐವತ್ತೆರಡರ ವಯಸ್ಸಿನಲ್ಲಿ ಶೋಭಿಸುವ ಭಂಗಿಯಲ್ಲ, ಆದರೆ ಏಳಲು ಮನಸ್ಸಾಗಲಿಲ್ಲ. ಅಲೆ ದಡಕ್ಕೆ ನೇರವಾಗಿ ಬರುತ್ತಿರಲಿಲ್ಲ, ಉತ್ತರದಿಂದ ಓರೆಯಾಗಿ ಬರುತ್ತಿತ್ತು. ಒಂದು ಕೆಂಪು ಚೂರನ್ನು ಓರೆಯಾಗಿ ಮೇಲಕ್ಕೆ ತಳ್ಳುತ್ತಿತ್ತು. ನೀರು ಹಿಂದೆ ಸರಿಯುವಾಗ ಮಾತ್ರ ಇಳಿಜಾರು ಹಿಡಿದು ನೆಟ್ಟಗೆ ಇಳಿಯುತ್ತಿತ್ತು, ಚೂರೂ ಅದರ ಜೊತೆಗೆ. ಹತ್ತುವುದು ಓರೆ, ಇಳಿಯುವುದು ನೇರ. ಪ್ರತಿ ಅಲೆಗೂ ಚೂರು ಒಂದು ಗೇಣು ದಕ್ಷಿಣಕ್ಕೆ. ಯಾರೂ ಕದ್ದಿರಲಿಲ್ಲ. ಕಿಟಕಿಯಿಂದ ಅಷ್ಟು ವರ್ಷ ನಾನು ನಿಶ್ಚಲ ಎಂದುಕೊಂಡಿದ್ದ ದಡವೆಲ್ಲ ಹೀಗೆ ಗೇಣು ಗೇಣಾಗಿ ಹೊರಟಿತ್ತು, ಹಿಂದಿನಿಂದ ಬರುವ ಮರಳು ಅದರ ಜಾಗ ತುಂಬುತ್ತಿತ್ತು. ಗೋಡೆ ಬಂದ ಮೇಲೆ ಬರುವುದು ನಿಂತಿತ್ತು, ಹೋಗುವುದು ನಿಂತಿರಲಿಲ್ಲ. ಅಷ್ಟೇ ವಿಷಯ.

ಮರುವಾರ ಹೋದಾಗ ಈ ಸಿದ್ಧಾಂತಕ್ಕೆ ಪೆಟ್ಟು ಬಿತ್ತು. ನಾಲ್ಕು ದಿನ ಆಗ್ನೇಯದ ಗಾಳಿ ಬೀಸಿ, ಈಚೆಯ ಚೂರುಗಳು ವಾಪಸ್ಸು ಮೆಟ್ಟಿಲಿನ ಕಡೆಗೆ ಬರುತ್ತಿದ್ದವು. ನಾನು ಬೆರಳು ಮಡಚಿ ದಿನ ಎಣಿಸಿದೆ. ತಿಂಗಳು ಮುಗಿಯಲು ಹನ್ನೊಂದು ದಿನ ಉಳಿದಿತ್ತು.

"ತೆಂಕಣ ಗಾಳಿ ಸಾರ್ ಇದು," ಕಾಕ ಸಮಾಧಾನ ಹೇಳಿದರು. "ಇದು ನೆಂಟ. ಬಂದು ಹೋಗ್ತದೆ. ಬಡಗಣದ್ದು ಮನೆಯವ."

ನೆಂಟ ಹೊರಟ. ಶಮಾಲ್ ಮತ್ತೆ ಒಂದು ವಾರ ಬೀಸಿತು. ತಿಂಗಳ ಕೊನೆಯ ಶುಕ್ರವಾರ ಕಫೀಲ್ ಬಂದರು. ಎತ್ತರದ ಆಳು, ಶುಭ್ರವಾದ ಬಿಳಿ ನಿಲುವಂಗಿ. ಹಿಂದಿ ಅರಬ್ಬಿ ಬೆರೆಸಿ ಕೇಳಿದರು: "ಮುಹಂದಿಸ್, ಬೋಲೋ. ರಮಲ್ ಕಿದರ್?" ಇಂಜಿನಿಯರ್ರೇ ಹೇಳಿ, ಮರಳು ಎಲ್ಲಿ ಎಂದು.

ನಾನು ಅವರನ್ನು ಗೋಡೆಯ ಉತ್ತರದ ಮೂಲೆಗೆ ಕರೆದೊಯ್ದೆ. ಆಚೆ ಹಾಕಿದ ಚೂರುಗಳೆಲ್ಲ ಅಲ್ಲೇ ಗುಡ್ಡೆಯಾಗಿದ್ದವು; ಗೋಡೆಯ ಈಚೆಗೆ ಅದರಲ್ಲಿ ಒಂದೂ ಇರಲಿಲ್ಲ. ಆಮೇಲೆ ದಕ್ಷಿಣಕ್ಕೆ ನಡೆದೆವು. ನಮ್ಮ ಬಕೆಟ್ಟಿನ ಚೂರುಗಳು ಮೂರನೇ ಬಂಗಲೆ ದಾಟಿ ನಾಲ್ಕನೆಯದರ ಮುಂದೆ ಸಿಕ್ಕವು. ಕಫೀಲ್ ಬಗ್ಗಿ ಒಂದೊಂದನ್ನೇ ಆರಿಸಿ ಜೇಬಿಗೆ ಹಾಕಿಕೊಳ್ಳತೊಡಗಿದರು. ಕಪ್ಪೆಚಿಪ್ಪು ಸಿಕ್ಕ ಮಕ್ಕಳ ಮುಖವಿತ್ತು. ಬಿಳಿ ಜೇಬು ಕೆಂಪಾಯಿತು.

"ಯಾನಿ, ಗೋಡೆಯೇ ಹರಾಮಿ!" ಅಂದರೆ ಕಳ್ಳ ಗೋಡೆಯೇ ಎಂದು.

"ಗೋಡೆ ಪಾಪ ನಿಂತಿದೆ ಅಷ್ಟೇ ಬಾಬಾ," ಎಂದೆ. "ಇದನ್ನು ನಿಮ್ಮ ಕಾವಲಿನವರು ಮೊದಲೇ ಹೇಳಿದ್ದರು."

ಅವರು ಕಾಕನನ್ನು ಒಮ್ಮೆ ನೋಡಿದರು. ಕಾಕ ನಿಯಮದಂತೆ ಗೇಟನ್ನು ನೋಡುತ್ತಿದ್ದರು.

"ಹಾಗಾದರೆ ನಾನೂ ಈ ಕೊನೆಗೆ ಒಂದು ಗೋಡೆ ಹಾಕಿಸುತ್ತೇನೆ."

"ಹಾಕಿಸಿದರೆ ಮೂರನೇ ಮನೆಯವರ ಮರಳು ಹೋಗುತ್ತದೆ."

"ಅವರು ಬೇರೆ ಮುಹಂದಿಸ್ ಹುಡುಕಿಕೊಳ್ಳಲಿ. ಯಲ್ಲಾ, ಚಹಾ!"

ಭಾನುವಾರ ಕಾಕನ ಪಾಸ್‌ಪೋರ್ಟ್ ಕಚೇರಿಗೆ ಹೋಯಿತು. ಇಕಾಮಾ ಒಂದು ವರ್ಷಕ್ಕೆ ನವೀಕರಣವಾಯಿತು.